ಮೊಸಳೆಯ ಬಾಯಲ್ಲಿದ್ದ ಅಂಗಿ

ಇಸ್ತ್ರಿ ಅಂಗಡಿಯ ಮೇಲ್ಮಹಡಿಯಲ್ಲಿದ್ದ ಆ ಶಿಶುವಿಹಾರದಲ್ಲಿ ಹತ್ತೊಂಬತ್ತು ವರ್ಷ ದುಡಿದ ಆಯಾ ಎಲ್ಲ ಮಕ್ಕಳಿಗೂ ದೊಡ್ಡಮ್ಮ. ಮಧ್ಯಾಹ್ನದ ನಿದ್ದೆಯಿಂದ ಎದ್ದು ತಾಯಿಯನ್ನು ನೆನೆದು ಅಳುವವರನ್ನು ಸಂತೈಸುವ ಭಾರ ಅವರದು. ಅದಕ್ಕೆ ಅವರು ಕಂಡುಕೊಂಡ ಉಪಾಯ, ಟಿ.ವಿ.ಯಲ್ಲಿ ಬಾತುಕೋಳಿ ಮತ್ತು ಮೊಸಳೆಯ ಒಂದು ಚಲನಚಿತ್ರ. ಪಕ್ಕದ ಕೋಣೆಯ ಹಸುಗೂಸುಗಳು ಎಚ್ಚರಗೊಳ್ಳದಿರಲೆಂದು ಶಬ್ದವನ್ನು ಪೂರ್ಣ ಅಡಗಿಸಿ, ಎರಡೂ ಜೀವಿಗಳಿಗೆ ತಾವೇ ಪಿಸುದನಿಯಲ್ಲಿ ಮಾತು ಕೊಡುತ್ತಿದ್ದರು.

ಒಮ್ಮೆ ಚಿತ್ರಗಳ ಹಕ್ಕು ನೋಡಿಕೊಳ್ಳುವ ಸಂಸ್ಥೆಯ ಪತ್ರ ಬಂದಿತು. ಶಾಲೆ, ಶಿಶುವಿಹಾರಗಳಲ್ಲಿ ಚಿತ್ರ ತೋರಿಸಲು ಪರವಾನಗಿ ಬೇಕು; ವಿಚಾರಿಸಲು ಪ್ರತಿನಿಧಿ ಬರುತ್ತಾರೆ ಎಂದಿತ್ತು. ಅವರು ಬರುವ ದಿನ ಶಿಶುವಿಹಾರದ ಒಡತಿ, 'ಇಲ್ಲಿ ಎಂದೂ ಯಾವ ಚಿತ್ರವನ್ನೂ ತೋರಿಸಿಲ್ಲ' ಎಂಬ ಉತ್ತರವನ್ನು ಸಿದ್ಧಪಡಿಸಿ ದೊಡ್ಡಮ್ಮನ ಮುಂದಿಟ್ಟರು.

"ಸಹಿ ಹಾಕ್ಬಿಡಿ. ಮಕ್ಕಳ ಕೋಣೆ ನೋಡ್ಕೊಳ್ಳೋರು ನೀವೇ ತಾನೆ?"

"ತೋರ್ಸಿದ್ದೀವಲ್ಲ ಮೇಡಂ! ಆದ್ರೆ ಸೌಂಡೇ ಇಟ್ಟಿಲ್ಲ. ಸೌಂಡ್ ಇಲ್ದಿದ್ರೆ ಲೈಸೆನ್ಸ್ ಯಾಕೆ?"

"ಹಾಗಂತ ನಿಮ್ಗೆ ಯಾರು ಹೇಳಿದ್ದು?"

"ಯಾರೂ ಇಲ್ಲ. ನಾನೇ ಅಂದ್ಕೊಂಡೆ."

"ಅಂದ್ಕೊಂಡಿದ್ದು ಸಾಕು. ಸಹಿ ಹಾಕಿ, ಇಲ್ಲಾ ನಾಳೆಯಿಂದ ಬರ್ಬೇಡಿ."

ದೊಡ್ಡಮ್ಮ ಪೆನ್ನಿಗೆ ಮುಚ್ಚಳ ಹಾಕಿ ಹಿಂದಿರುಗಿಸಿದರು. "ಬೆಳಗ್ಗೆ ದೇವ್ರಿಗೆ ಮುಗಿದ ಕೈ ಇದು. ಸುಳ್ಳಿಗೆ ಸಹಿ ಹಾಕಲ್ಲ. ಬಿಡ್ಸೋದಾದ್ರೆ ಇವತ್ತೇ ಬಿಡ್ಸಿ. ಮಕ್ಕಳು ಏಳೋ ಹೊತ್ತಾಯ್ತು, ನೀವೇ ಎತ್ಕೊಳ್ಳಿ."

ಮಾತು ಮುಗಿಯುವಷ್ಟರಲ್ಲಿ ಒಳಗೆ ಅಳು ಎದ್ದಿತು. ಒಡತಿ ಎತ್ತಿಕೊಂಡ ಮಗು ಮನೆ ಮುರಿದು ಬೀಳುವಂತೆ ಅರಚಿತು. ಅಷ್ಟರಲ್ಲಿ ಕರೆಗಂಟೆ. ಬಾಗಿಲು ತೆರೆದ ದೊಡ್ಡಮ್ಮ ಪ್ರತಿನಿಧಿಯನ್ನು ಹೊಸ್ತಿಲಲ್ಲೇ ನಿಲ್ಲಿಸಿ ನುಡಿದರು:

"ಎಂಟು ವರ್ಷದಿಂದ ತೋರ್ಸ್ತಿದ್ದೀವಿ ಸಾರ್. ಸೌಂಡ್ ಇಲ್ದೆ."

"ಚಿತ್ರಾನೂ ಅದನ್ನ ಮಾಡಿದೋರದ್ದೇ ಅಲ್ವೇನಮ್ಮ? ಮಾತಿರಲಿ ಬಿಡಲಿ, ಲೈಸೆನ್ಸ್ ಬೇಕೇ ಬೇಕು."

"ಹಾಗಾದ್ರೆ ತಪ್ಪು ನಂದು, ಬರ್ಕೊಳ್ಳಿ. ಮಕ್ಕಳ ಅಳು ನಿಲ್ಸಿ ಬರ್ತೀನಿ."

ಟಿ.ವಿ.ಯ ತಂತಿ ಕಿತ್ತು, ಕಪ್ಪು ತೆರೆಯ ಮುಂದೆಯೇ ಹನ್ನೊಂದು ಮಕ್ಕಳನ್ನು ಕೂರಿಸಿಕೊಂಡು ಕಥೆ ಹೇಳತೊಡಗಿದರು. ಮೊಸಳೆ ತನ್ನ ಅಂಗಿಯನ್ನು ಬಾಯಲ್ಲಿ ಕಚ್ಚಿಕೊಂಡು ಕೆಳಗಿನ ಇಸ್ತ್ರಿ ಅಂಗಡಿಗೆ ಬಂದಿತು; ಬಾತುಕೋಳಿ, "ಇಷ್ಟು ಗಾತ್ರದ ಅಂಗಿಗೆ ನಾಲ್ಕು ದಿನ ಬೇಕಪ್ಪ!" ಎಂದಿತು. ಅಳು ನಗೆಯಾಯಿತು.

ಪ್ರತಿನಿಧಿ ಹುಬ್ಬೇರಿಸಿದರು. "ನಮ್ಮನೇಲೂ ಇದೇ ಚಿತ್ರ ಓಡುತ್ತೆ. ಮೊಸಳೆ ಬಾಯಲ್ಲಿರೋದು ಅಂಗಿ ಅಲ್ಲಮ್ಮ, ದೋಣಿಯ ಹಾಯಿ! ಇಸ್ತ್ರಿ ಅಂಗಡಿ ಎಲ್ಲಿಂದ ಬಂತು?"

"ನಂಗೇನು ಗೊತ್ತು ಸಾರ್? ಒಂದಿನಾನಾದ್ರೂ ಅದರ ಮಾತು ಕೇಳಿದ್ರೆ ತಾನೆ! ನನ್ ಕಥೆಗೂ ಲೈಸೆನ್ಸ್ ಬೇಕಾ?"

ಪ್ರತಿನಿಧಿ ನಕ್ಕುಬಿಟ್ಟರು. "ಇದು ನಿಮ್ದೇ. ಬೇಡ." "ಇನ್ಮುಂದೆ ಚಿತ್ರ ತೋರ್ಸೋದಾದ್ರೆ ಇದನ್ನ ತುಂಬಿ ಕಳ್ಸಿ," ಎಂದು ಪರವಾನಗಿಯ ಅರ್ಜಿಯನ್ನು ಒಡತಿಯ ಕೈಗಿತ್ತು ಮೆಟ್ಟಿಲಿಳಿದರು.

ಒಡತಿಯ ತೋಳಿನಲ್ಲಿದ್ದ ಮಗು ದೊಡ್ಡಮ್ಮನತ್ತ ಎರಡೂ ಕೈ ಚಾಚಿ ಜಗ್ಗುತ್ತಿತ್ತು.

"ನಾಳೆ ಬರ್ಲಾ, ಬೇಡ್ವಾ?"

"ಇವ್ರನ್ನೆಲ್ಲ ನನ್ ತಲೆಗೆ ಕಟ್ಟಿ ಎಲ್ಲಿಗ್ರೀ ಹೋಗ್ತೀರಿ? ಬನ್ನಿ!"

"ಬರ್ತೀನಿ. ಮೊದ್ಲು ಆ ಸುಳ್ಳು ಕಾಗದ ಹರೀರಿ."

ಒಡತಿ ಮಗುವನ್ನು ದೊಡ್ಡಮ್ಮನಿಗೆ ಕೊಟ್ಟು ಅದನ್ನು ಹರಿದರು. ಅಷ್ಟು ಅರಚಾಟಕ್ಕೂ ಏಳದಿದ್ದ ಹಸುಗೂಸೊಂದು ಆ ಸದ್ದಿಗೆ ಪಕ್ಕದ ಕೋಣೆಯಲ್ಲಿ ಎದ್ದು ಅಳತೊಡಗಿತು.