ರೌದಾ ಮೇಡಂ ಕಾಫಿ ಕೊಟ್ಟ ದಿನ

ನಮ್ಮ ಸ್ಫಾಕ್ಸ್ ಊರಿನ ಮೀನು ಮಾರ್ಕೆಟ್ಟಲ್ಲಿ ರೌದಾ ಸಲ್ಲಾಮಿ ಯಾರು ಅಂತ ಕೇಳಿ, ಯಾರಿಗೂ ಗೊತ್ತಿಲ್ಲ. ಅದೇ ಕ್ಯಾನ್ಸರ್ ಲ್ಯಾಬಲ್ಲಿ ಕೇಳಿ ನೋಡಿ! ಉಪ್ಪುಕೆರೆ ಪಕ್ಕ ಬೆಳೆಯೋ ಒಂದು ಮುಳ್ಳುಗಿಡದ ಬೇರು ಕುಟ್ಟೋದು, ಸೋಸೋದು, ಒಂದೊಂದೇ ಅಂಶ ಬೇರೆ ಮಾಡಿ ಕ್ಯಾನ್ಸರ್ ಕೋಶದ ಮೇಲೆ ಹಾಕಿ ನೋಡೋದು, ಮೇಡಂ ಅರ್ಧ ಆಯಸ್ಸು ಹಿಂಗೇ ಹೋಯ್ತು. ಏನ್ ಹಾಕಿದ್ರೂ ಕೋಶಗಳು ಕ್ಯಾರೇ ಅಂತಿರ್ಲಿಲ್ಲ. ಕೊನೆಗೊಂದು ಹಳದಿ ಪುಡಿ ಸಿಕ್ತು ನೋಡಿ, ಪಟಪಟ ಸತ್ವು! ಅವತ್ತು ಮೇಡಂ ಮದುವೆಮನೆ ಹೆಂಗಸರ ಥರ ನಾಲಿಗೆ ಆಡಿಸಿ ಲ್ಯಾಬಲ್ಲೇ ಕೇಕೆ ಹಾಕಿದ್ರಂತೆ.

ಲ್ಯಾಬಿನ ದೊಡ್ಡಮನುಷ್ಯ ಪ್ರೊಫೆಸರ್ ಹೆದಿ, ಎಲ್ರ ಬಾಯಲ್ಲೂ ಸೀ ಹೆದಿ, ಅಂದ್ರೆ ಹೆದಿ ಸಾಹೇಬ್ರು. ಸಂಶೋಧನೆ ಅಚ್ಚಾಗಿ ಬಂದಾಗ ನೋಡಿದ್ರೆ ಕಂಡುಹಿಡಿದೋನು ಅವನ ಅಳಿಯ ಅನೀಸ್ ಅಂತಿದೆ! ಮೇಡಂ ಹೋಗಿ ಸೀ ಹೆದಿನ ಕೇಳಿದ್ರು.

"ಅವನಿನ್ನೂ ಮುಂದೆ ಬರ್ಬೇಕು ಮಗಳೇ. ನೀನೋ ಒಂಟಿ ಹೆಂಗಸು, ನಿನಗ್ಯಾಕೆ ಹೆಸರು?"

"ಒಂಟಿ ಹೆಂಗಸಿಗೆ ಇರೋದೇ ಅದೊಂದು, ಸೀ ಹೆದಿ."

ಅನೀಸ್ ಕಿಸಕ್ಕಂದ. "ಕೊನೇ ಪುಟದಲ್ಲಿ ನಿಮಗೆ ಥ್ಯಾಂಕ್ಸ್ ಹಾಕಿದೀವಲ್ಲಕ್ಕ!"

ಆ ನಗು ಮೇಡಂ ಎದೇಲಿ ಹಸಿಮೆಣಸಿನಕಾಯಿ ಅರೆದಂಗೆ ಉರೀತಾನೇ ಇತ್ತು. ಅಷ್ಟ್ರಲ್ಲಿ ಹೊರದೇಶದ ಔಷಧಿ ಕಂಪನಿಯೋರು ಪರೀಕ್ಷೆ ಮಾಡಿ ನೋಡೋಕೆ ಬರ್ತೀವಿ ಅಂದ್ರು. ಒಪ್ಪಂದ ಆಯ್ತೋ, ಔಷಧಿ ಎಂದೆಂದಿಗೂ ಅನೀಸನ ಹೆಸರಿಗೇ.

ನಮ್ಮೂರಲ್ಲಿ ಅತಿಥಿ ಬಂದ್ರೆ ಮನೇಲಿ ಒಂದು ಮೂಲೇನೂ ಕತ್ತಲೆ ಇರ್ಬಾರ್ದು. ಸೀ ಹೆದಿ ಪರದೆ ಕಿತ್ತಾಕಿಸಿ, ಕಿಟಕಿ ಎಲ್ಲ ತೆಗೆಸಿ, ಹಳದಿ ಔಷಧಿ ಚೆಂದ ಕಾಣ್ಲಿ ಅಂತ ಗಾಜಿನ ಸೀಸೇಲಿ ತುಂಬ್ಸಿ ಮಲ್ಲಿಗೆ ಜೊತೆ ಬಿಸಿಲಿಗಿಟ್ಟ. ಬೆಳಕು ಬಿದ್ರೆ ಆ ಔಷಧಿ ಕೆಟ್ಟೋಗುತ್ತೆ! ಮೇಡಂ ಯಾವಾಗ್ಲೂ ಕಿಟಕಿ ಮುಚ್ಚೇ ಕೆಲ್ಸ ಮಾಡೋರು. ಹೇಳಿ ಹೇಳಿ ಸಾಕಾಗಿತ್ತು, ಅನೀಸ್ ಮಾತ್ರ "ಬಾವಲಿ ಅಕ್ಕ" ಅಂತ ಆಡ್ಕೊಳೋನು.

ಅವತ್ತೂ ಹೇಳೋಕೆ ಹೋದ್ರು. "ಸೀ ಹೆದಿ, ಆ ಸೀಸೆ..."

"ನೀನು ಕಾಫಿ ಕಡೆ ನೋಡ್ಕೋ ಮಗಳೇ."

ಸರಿ. ಮೇಡಂ ಕಾಫಿಗೆ ಕಿತ್ತಳೆಹೂವಿನ ನೀರು ಹಾಕಿ, ನಗ್ತಾ ಎಲ್ರಿಗೂ ಕೊಟ್ರು. ಕಣ್ಣೆದುರೇ ಔಷಧಿ ಸಾಯ್ತಿತ್ತು. ಮೇಡಂ ಇನ್ನೊಂದು ಸುತ್ತು ಕಾಫಿ ಬಗ್ಗಿಸಿದ್ರು.

ಆ ಸೀಸೆ ಔಷಧೀನ ಕ್ಯಾನ್ಸರ್ ಕೋಶಕ್ಕೆ ಹಾಕಿ, ಎರಡು ದಿನ ಬಿಟ್ಟು ಅತಿಥಿಗಳು ಸೂಕ್ಷ್ಮದರ್ಶಕದಲ್ಲಿ ಇಣುಕಿದ್ರು. ಒಬ್ಬ ಅಂದ, "ಸಾಯೋದಿರ್ಲಿ, ನಿಮ್ಮ ಔಷಧಿ ಕುಡ್ದು ಸಂಸಾರ ಬೆಳೆಸಿದಾವೆ!"

ಸೀ ಹೆದಿ ಬೆವೆತೋದ. "ರೌದಾ, ಏನಾಯ್ತಮ್ಮಾ?"

"ನಂಗೇನ್ ಗೊತ್ತು, ನಾನು ಕಾಫಿ ನೋಡ್ಕೊಂಡಿದ್ದೆ."

"ಮಾನ ಉಳ್ಸು ತಾಯಿ."

"ಕೆಡದೇ ಇರೋ ಪುಡಿ ನನ್ನ ಕಪಾಟಲ್ಲಿದೆ. ಇದನ್ನ ಕಂಡುಹಿಡಿದೋರು ಯಾರು? ಇವರ ಮುಂದೆ ಹೇಳಿ."

"...ರೌದಾ."

"ಹಿಂದಿರೋರಿಗೆ ಕೇಳಿಸ್ಲಿಲ್ಲ."

"ರೌದಾ ಸಲ್ಲಾಮಿ!"

"ಈಗ ಅಳಿಯಂದಿರು ಹೇಳ್ಲಿ."

ಅನೀಸ್ ನೆಲ ನೋಡ್ಕೊಂಡು ಹೇಳ್ದ. ಆಮೇಲೇ ಮೇಡಂ ಕಿಟಕಿ ಮುಚ್ಚಿ ಪರೀಕ್ಷೆ ಶುರು ಮಾಡಿದ್ದು. ಈ ಸಲ ಕೋಶಗಳು ಒಂದೂ ಉಳೀಲಿಲ್ಲ. ಒಪ್ಪಂದದಲ್ಲಿ ಮೊದಲ ಹೆಸರು ಅವರದೇ.

ಅಷ್ಟಕ್ಕೇ ಸಿಟ್ಟಿಳೀತು ಅಂದ್ಕೊಂಡ್ರಾ? ಈದ್‌ಗೆ ಸೀ ಹೆದಿ ಮನೆಯಿಂದ ರಾಜಿಗೆ ಅಂತ ಒಂದು ತಟ್ಟೆ ಬಕ್ಲಾವ ಮಿಠಾಯಿ ಬಂತು. ಮೇಡಂ ಮುಚ್ಚಿದ ಬಟ್ಟೇನೂ ಸರಿಸ್ದೆ, ಹಂಗೇ ವಾಪಸ್ ಕಳಿಸಿದ್ರು.