ಎರಡೂ ಮಾತಿಗೆ ಹೊಂದುವ ಎಣ್ಣೆ

ಅಥವಾ ಅದು ಕುಸುಬೆ ಎಣ್ಣೆಯೇ ಆಗಿರಲಿಲ್ಲವೇನೋ. ಡಬ್ಬಿ ಹಿತ್ತಾಳೆಯದೋ ತಗಡಿನದೋ ಎಂಬುದೂ ಈಗ ಖಾತ್ರಿಯಿಲ್ಲ. ಎಷ್ಟೋ ವರ್ಷಗಳಿಂದ ಈ ಕತೆ ಹೇಳುತ್ತ ಬಂದಿದ್ದೇನೆ, ಹೇಳಿದಾಗಲೆಲ್ಲ ಡಬ್ಬಿ ಹಿತ್ತಾಳೆಯದೇ ಆಗಿತ್ತು, ಬಿಸಿಲಿಗೆ ಹೊಳೆಯುತ್ತಿತ್ತು. ನೀನು ನಿಜವಾಗಿ ನೋಡಿದ್ದೆಯಾ ಎಂದು ಯಾರೂ ಕೇಳಿರಲಿಲ್ಲ. ಕೊನೆಗೆ ಕೇಳಿದವರು ಇಳಕಲ್ಲಿನ ಒಬ್ಬ ಮೆಕ್ಯಾನಿಕ್. ಅದೂ ನನ್ನನ್ನು ಪರೀಕ್ಷಿಸಬೇಕೆಂದಲ್ಲ, ಅಪ್ಪನ ಹಳೆಯ ಕಾರಿಗೆ ಯಾವ ಎಂಜಿನ್ ಆಯಿಲ್ ಹಾಕಬೇಕು ಎಂದು ತೀರ್ಮಾನಿಸುವುದಕ್ಕೆ.

ಕತೆ ಇಷ್ಟು. ಅಪ್ಪ ಬಾಗಲಕೋಟೆಯಲ್ಲಿ ಖಣದ ವ್ಯಾಪಾರಿ. ಗುಳೇದಗುಡ್ಡದ ನೇಕಾರರ ಮನೆಗಳಿಂದ ರವಿಕೆ ಖಣ ತಂದು ಊರೂರಿನ ಅಂಗಡಿಗಳಿಗೆ ಕೊಡುತ್ತಿದ್ದರು. ಅದಕ್ಕೆಂದೇ ಒಂದು ಕಾರು ಇಟ್ಟಿದ್ದರು: ದುಂಡು ಮೂಗು, ಬೂದಿ ಬಣ್ಣ, ಏರು ಬಂದರೆ ನಿಟ್ಟುಸಿರು. ನನಗೆ ಆರೋ ಏಳೋ ವರ್ಷವಿದ್ದಾಗ ಹುನಗುಂದದ ಗಾಣದಿಂದ ವರ್ಷದ ಕುಸುಬೆ ಎಣ್ಣೆ ತುಂಬಿಸಿಕೊಂಡು ಬರುವಾಗ, ಕುಳಗೇರಿ ಕ್ರಾಸಿನ ಹತ್ತಿರ ಕಲ್ಲು ಬಡಿದು ಎಂಜಿನ್ನಿನ ತಳ ಸೀಳಿತು. ಆಯಿಲ್ ಎಲ್ಲ ರಸ್ತೆಯ ಪಾಲು. ಅಪ್ಪ ಸೀಳಿಗೆ ಬಟ್ಟೆ ಒಗೆಯುವ ಸಾಬೂನು ಮೆತ್ತಿ, ಮೇಲಿನಿಂದ ಕುಸುಬೆ ಎಣ್ಣೆ ಸುರಿದು, ಬಾದಾಮಿಯವರೆಗೆ ಕಾರು ಓಡಿಸಿಯೇ ಬಿಟ್ಟರು. ದಾರಿಯುದ್ದಕ್ಕೂ ಕಾರು ಬಜಿ ಕರಿದ ವಾಸನೆ ಬಿಡುತ್ತಿತ್ತು. ಹಿಂದಿನ ಸೀಟಿನಲ್ಲಿ ನಾನು. ಹಿಂದೆ ಹಿಂದೆ ನಾಯಿಗಳು.

ನಾಯಿಗಳನ್ನು ನಾನು ಕಾಲೇಜಿಗೆ ಹೋದ ಮೇಲೆ ಸೇರಿಸಿದೆ. ಅದೊಂದು ಸ್ಪಷ್ಟವಾಗಿ ನೆನಪಿದೆ.

ಅಪ್ಪ ತೀರಿಕೊಂಡ ಮೇಲೆ ಕಾರು ಹನ್ನೊಂದು ವರ್ಷ ನಿಂತಿತ್ತು. ಈ ಸಲ ಬೇಸಿಗೆ ರಜೆಯಲ್ಲಿ ಅದನ್ನು ಎಬ್ಬಿಸಬೇಕೆಂದು ನನಗೆ ಹುಚ್ಚು ಹಿಡಿಯಿತು. ಕಾಲೇಜಿನಲ್ಲಿ ಪಾಠ ಹೇಳುವವನ ಹುಚ್ಚು ಮೊದಲು ಓದಿಗೇ ಇಳಿಯುತ್ತದೆ. ಎರಡು ವಾರ ಆಯಿಲ್ ಬಗ್ಗೆ ಓದಿದೆ. ಡಬ್ಬಿಗಳ ಮೇಲಿನ ಎರಡು ಅಂಕಿಗಳಲ್ಲಿ ಮೊದಲನೆಯದು ಚಳಿಯಲ್ಲಿ ಎಣ್ಣೆ ಎಷ್ಟು ಸಲೀಸಾಗಿ ಹರಿದೀತು ಎಂಬುದಕ್ಕೆ, ಎರಡನೆಯದು ಕಾದಾಗ ಎಷ್ಟು ಮಂದವಾಗಿ ಉಳಿದೀತು ಎಂಬುದಕ್ಕೆ. ನಡುವಿನ ಇಂಗ್ಲಿಷ್ ಅಕ್ಷರ ಚಳಿಗಾಲದ್ದಂತೆ. ಏಪ್ರಿಲ್ ಮಧ್ಯಾಹ್ನದ ಬಾಗಲಕೋಟೆಯಲ್ಲಿ, ಫ್ಯಾನಿನ ಕೆಳಗೆ ಬನಿಯನ್ ಬಿಚ್ಚಿ ಕುಳಿತು, ಹಿಮ ಬೀಳುವ ಊರಿನ ಬೆಳಗಿನಲ್ಲಿ ನನ್ನ ಕಾರು ಹೇಗೆ ಚಾಲೂ ಆದೀತು ಎಂದು ಯೋಚಿಸುತ್ತಿದ್ದೆ. ಯೋಚಿಸುತ್ತಲೇ ಕಣ್ಣು ಎಳೆಯುತ್ತಿತ್ತು. ಅರೆ ನಿದ್ದೆಯಲ್ಲಿ ಒಂದು ಬೂದಿ ಬಣ್ಣದ ಕಾರು ಮೆಲ್ಲಗೆ, ಎಣ್ಣೆಯೊಳಗೆ ಈಜುವಂತೆ, ಹೋಗುತ್ತಿತ್ತು.

ಇಂಥ ಎಂಜಿನ್ ಬಿಚ್ಚಬಲ್ಲವರು ಈ ಕಡೆ ಒಬ್ಬರೇ, ಇಳಕಲ್ಲಿನ ವಿರೂಪಾಕ್ಷಪ್ಪ ಎಂದು ಊರವರು ಹೇಳಿದರು. ಲಾರಿಯ ಮೇಲೆ ಕಾರು ಹೇರಿಕೊಂಡು ಹೋದೆ. ಅವರದು ನೇಕಾರರ ಮನೆತನ. ರಸ್ತೆಗೆ ಗ್ಯಾರೇಜು, ಹಿಂದೆ ಮನೆ, ಮನೆಯಲ್ಲಿ ಕೈಮಗ್ಗ. ಮಗ್ಗದ ಮೇಲೆ ಅವರ ಹೆಂಡತಿ. ಎಣ್ಣೆಯ ಒಂದು ಹನಿ ರೇಶಿಮೆಯ ಸೆರಗಿಗೆ ತಾಗಿದರೆ ಸೀರೆ ಹೋದಂತೆಯೇ. ಹಾಗಾಗಿ ಆ ಮನೆಯ ಯಜಮಾನ ನೀರು ಕುಡಿಯಲು ಒಳಗೆ ಹೋಗಬೇಕಾದರೂ ಮೂರು ಸಲ ಕೈ ತೊಳೆದು, ಹೊಸ್ತಿಲಲ್ಲಿ ನಿಂತು, ಅಂಗೈ ಮುಂಗೈ ಎರಡನ್ನೂ ತೋರಿಸಬೇಕು.

“ಉಗರಾಗ ಐತಿ ನೋಡ್ರಿ,” ಎಂದರು ಆಕೆ ಮಗ್ಗದಿಂದ ತಲೆ ಎತ್ತದೆ.

“ಅದು ಹುಟ್ಟಿದಾಗಿಂದ ಐತಿ.”

“ಹಂಗಾರ ಹುಟ್ಟಿದಾಗಿಂದ ಹೊರಗ ನಿಂದರ್ರಿ.”

ವಿರೂಪಾಕ್ಷಪ್ಪ ನೀರು ಕುಡಿಯದೆ ನನ್ನ ಕಡೆ ತಿರುಗಿದರು. ನಾನು ಓದಿದ್ದನ್ನೆಲ್ಲ ಒಪ್ಪಿಸಿದೆ. ತೆಳುವಾದ ಹೊಸ ಕಾಲದ ಎಣ್ಣೆ, ಮಂದವಾದ ಎಣ್ಣೆ, ಒಂದೇ ಅಂಕಿಯ ಹಳೆಯ ಎಣ್ಣೆ, ಇವುಗಳ ಗುಣದೋಷ. ಅವರು ನಮ್ಮ ಕಾಲೇಜಿನ ಹುಡುಗರಿಗಿಂತ ತಾಳ್ಮೆಯಿಂದ ಕೇಳಿದರು.

“ಎಣ್ಣಿ ಯಾವುದರ ಹಾಕೂಣು ಸರ್, ಅದೇನ ದೊಡ್ಡದಲ್ಲ. ಮೊದಲ ಇದರ ಹೊಟ್ಟ್ಯಾಗ ಏನೇನ ಹೋಗೇತಿ, ಅದನ್ನ ಹೇಳ್ರಿ.”

“ಅದ್ಯಾಕ್ರಿ?”

“ಹೊಸಾ ಎಣ್ಣಿ ಅದಾವಲ್ರಿ, ಅವು ಸಾಬಾಣ ಇದ್ದಂಗ. ಹಳೇ ಜಿಡ್ಡೆಲ್ಲಾ ಎಬ್ಬಿಸಿ ತರತಾವ. ಜಿಡ್ಡು ಕಮ್ಮಿ ಇದ್ರ ಚಲೋನ ಆತು. ಭಾಳ ಇದ್ರ ಅದು ಹೋಗಿ ಎಣ್ಣಿ ಹಾಯೂ ಸಣ್ಣ ತೂತಿನ್ಯಾಗ ಕುಂದರತೈತಿ. ಎಣ್ಣಿ ಮ್ಯಾಲ ಏರೂದಿಲ್ಲ, ಎಂಜಿನ್ ಹಿಡದ ಬಿಡತೈತಿ. ಇದರ ಸಾಮಾನು ಈಗ ಗುಜರ್ಯಾಗೂ ಸಿಗೂದಿಲ್ಲ. ಆಮ್ಯಾಲ ನೀವು ಇದರಾಗ ತುಳಸಿ ಹಚ್ಚಬೇಕು, ಅಷ್ಟ.”

ನನಗೆ ಇಂಥ ಅವಕಾಶ ಬೇಕಾಗಿತ್ತು. ಕುಸುಬೆ ಎಣ್ಣೆಯ ಕತೆಯನ್ನು ಹಿತ್ತಾಳೆಯ ಡಬ್ಬಿಯಿಂದ ನಾಯಿಗಳವರೆಗೆ ಹೇಳಿದೆ. ಈ ಕತೆಗೆ ನಗದವರನ್ನು ನಾನು ಅವತ್ತೇ ಮೊದಲು ನೋಡಿದ್ದು.

“ಕುಸುಬಿ? ಖರೇನ ಕುಸುಬಿನ?” ಎಂದರು ವಿರೂಪಾಕ್ಷಪ್ಪ. “ಶೇಂಗಾ ಆಗಿದ್ರ ಬ್ಯಾರೆ ಮಾತು. ಕುಸುಬಿ ಒಣಗಿದ್ರ ವಾರ್ನಿಷ್ ಆಕ್ಕೈತಿ. ಹಂಗಿದ್ರ ತೊಳಿಯೂ ಎಣ್ಣಿ ಹಾಕಾಕ ನಾ ಒಲ್ಲೆ. ನೀವು ಕಣ್ಣಾರೆ ನೋಡೀರೇನು?”

ಕುಸುಬೆಯ ಈ ಗುಣ ನಮ್ಮ ಕಡೆಯ ಅಡುಗೆ ಮನೆಗಳಿಗೆ ಗೊತ್ತು. ಎಣ್ಣೆ ಡಬ್ಬಿಯ ಬಾಯಿಗೆ ಹನಿ ಒಣಗಿ ಅಂಟಾಗಿ ಕುಳಿತಿರುತ್ತದೆ, ಉಗುರಿಗೆ ಬಗ್ಗುವುದಿಲ್ಲ. ಹಿಂದಿನವರು ಅದನ್ನು ಕುದಿಸಿ ಗಟ್ಟಿ ಮಾಡಿ ಬಾವಿಯಿಂದ ನೀರೆತ್ತುವ ತೊಗಲು ಬಾನಿಗಳಿಗೆ ಬಳಿಯುತ್ತಿದ್ದರಂತೆ, ನೀರು ಇಳಿಯದಿರಲೆಂದು. ಅಂದರೆ ನನ್ನ ನೆನಪು ನಿಜವಾದರೆ ಕಾರಿನ ಎಂಜಿನ್ನು ಒಳಗೊಳಗೇ ತೊಗಲ ಬಾನಿಯಾಗಿದೆ, ಅದಕ್ಕೆ ಹಳೆಯ ಮಂದ ಎಣ್ಣೆಯೇ ಬೇಕು. ಸುಳ್ಳಾದರೆ ಹೊಸ ಎಣ್ಣೆ ಹಾಕಿ ತೊಳೆಯಬಹುದು, ಕಾರು ಇನ್ನೂ ಬಹಳ ವರ್ಷ ಬಾಳೀತು. ನನಗೆ ಕಾರು ಬಾಳಬೇಕು. ಆದರೆ ಅಪ್ಪ ಕುಸುಬೆ ಎಣ್ಣೆ ಸುರಿದಿರಲೂ ಬೇಕು. ಖಣದ ಗಂಟು, ಬಿಲ್ ಪುಸ್ತಕ, ಮಧ್ಯಾಹ್ನದ ನಿದ್ದೆ ಇವಿಷ್ಟರಲ್ಲೇ ಬದುಕಿದ ಮನುಷ್ಯ ಒಂದೇ ಒಂದು ದಿನ ಹಾಗೆ ಹುಚ್ಚಾಪಟ್ಟೆ ಧೈರ್ಯ ಮಾಡಿದ್ದರು. ಅದನ್ನೂ ತೊಳೆದುಬಿಟ್ಟರೆ ನನ್ನ ಕೈಯಲ್ಲಿ ಏನು ಉಳಿಯುತ್ತದೆ?

ವಿಚಾರಿಸಿ ಹೇಳುತ್ತೇನೆಂದು ಬಸ್ಸು ಹತ್ತಿದೆ.

ಮನೆಯಲ್ಲಿ ಅವ್ವ ಹುಣಸೆಹಣ್ಣು ಬಿಡಿಸುತ್ತ ಕುಳಿತಿದ್ದಳು. ಕೇಳಿದ್ದೇ ತಡ ಸಿಟ್ಟಿಗೆದ್ದಳು. “ಕುಸುಬಿ ಎಣ್ಣಿ ಕಾರಿಗೆ ಸುರೀತಿದ್ರ ನಾ ಸುಮ್ನ ಕುಂದರತಿದ್ನೇನು? ಅದು ಶೇಂಗಾ ಎಣ್ಣಿ. ಅದೂ ಹಪ್ಪಳ ಕರದು ಉಳದದ್ದು.” ಹಪ್ಪಳ ಕರಿದ ಎಣ್ಣೆ ಕಾರಿನಲ್ಲಿ ಯಾಕಿತ್ತು ಎಂದೆ. ಸ್ವಲ್ಪ ಹೊತ್ತು ಬೀಜ ತೆಗೆದಳು. “ನಿಮ್ಮಪ್ಪ ಏನ ಸುರದ್ರೂ ನನ್ನ ಕೇಳಿ ಸುರೀತಿದ್ರೇನು,” ಎಂದಳು ಆಮೇಲೆ, ಮೆತ್ತಗಿನ ದನಿಯಲ್ಲಿ.

ಅಕ್ಕ ಬಾದಾಮಿಯಲ್ಲಿ ಸಾಲಿ ಮಾಸ್ತರಿಣಿ, ಭೂಗೋಳ ಕಲಿಸುತ್ತಾಳೆ. ನನಗಿಂತ ಐದು ವರ್ಷ ದೊಡ್ಡವಳು. ಮರುದಿನ ಅವಳ ಮನೆಗೆ ಹೋದೆ. ಕತೆಯ ಮೊದಲ ಸಾಲಿಗೇ ಕೈಯೆತ್ತಿ ನಿಲ್ಲಿಸಿದಳು.

“ಹುನಗುಂದದಿಂದ ಬಾಗಲಕೋಟಿಗೆ ಬರಾವ್ರು ಕುಳಗೇರಿ ಕ್ರಾಸಿಗೆ ಯಾಕ ಬರ್ತಾರೋ ತಮ್ಮಾ? ಒಂದು ಆ ದಿಕ್ಕಿಗೆ, ಒಂದು ಈ ದಿಕ್ಕಿಗೆ.”

ನಿಜ. ಇದೇ ಜಿಲ್ಲೆಯಲ್ಲಿ ಹುಟ್ಟಿ, ಇದೇ ರಸ್ತೆಗಳಲ್ಲಿ ಓಡಾಡಿ, ಈ ಕತೆಯನ್ನು ನೂರು ಸಲ ಹೇಳಿದ ನನಗೆ ಇದು ಹೊಳೆದಿರಲಿಲ್ಲ.

“ಗಾಣಕ್ಕ ಹೋಗತಿದ್ವಿ, ಅದು ಬ್ಯಾರೆ ದಿನ,” ಎಂದಳು ಅಕ್ಕ. “ಅವತ್ತ ನರಗುಂದ ಕಡಿಂದ ಹೊಳ್ಳಿ ಬರಾಕತ್ತಿದ್ವಿ. ಅದಿರ್ಲಿ, ನೀ ಕಾರಿನ್ಯಾಗ ಎಲ್ಲಿ ಕುಂತಿದ್ದಿ?”

“ಹಿಂದ. ನಿನ್ನ ಬಾಜುಕ.”

“ನನ್ನ ಬಾಜುಕ ಇದ್ದದ್ದು ಖಣದ ಗಂಟು. ನಿನಗ ಜ್ವರ ಬಂದಿತ್ತು, ಗುಳೇದಗುಡ್ಡದಾಗ ಅಜ್ಜಿ ಕಡೆ ಬಿಟ್ಟಿದ್ವಿ.”

ನನ್ನ ಕತೆಯಿಂದ ನನ್ನನ್ನೇ ಇಳಿಸಿ ಕಾರು ಮುಂದೆ ಹೋದಂತಾಯಿತು. ಕೊನೆಯದಾಗಿ ವಾಸನೆಯನ್ನು ಹಿಡಿದುಕೊಂಡೆ. ಬಜಿಯ ವಾಸನೆ ಈಗಲೂ ಮೂಗಿನಲ್ಲಿದೆ ಅಕ್ಕಾ, ಅದು ಹೇಗೆ ಸುಳ್ಳಾಗುತ್ತದೆ ಎಂದೆ.

“ವಾಸನಿ ಖರೆ. ಕ್ರಾಸಿನ್ಯಾಗ ಮಿರ್ಚಿ ಬಜಿ ಕರೀತಿದ್ರು. ಅಪ್ಪ ನನಗ ನಾಕ ಕೊಡಿಸಿದ್ದ. ನಿನಗ ಎರಡು ಪೇಪರಿನ್ಯಾಗ ಕಟ್ಟಿಸಿಕೊಂಡ ತಂದಿದ್ದ. ನೀ ಹಾಸಿಗ್ಯಾಗಿಂದ ಎದ್ದು ಕುಂತು, ಕಾರ್ ಏನಾತು ಏನಾತು ಅಂತ ಒಂದ ಸವನ ಕೇಳಿದಿ. ಅಪ್ಪ ಹೇಳಿದ.”

“ಏನಂತ ಹೇಳಿದ?”

“ಅದು ನಿನಗ ಗೊತ್ತಿರಬೇಕು.”

ಹಾಗಾದರೆ ಎಂಜಿನ್ನಿಗೆ ಸುರಿದದ್ದು ಏನು? ಅಕ್ಕ ಯೋಚಿಸಿದಳು. ಯಾರೋ ಟ್ರಕ್ಕಿನವನು ಒಂದು ಡಬ್ಬಿ ಕೊಟ್ಟನಂತೆ. ತಗಡಿನದಿರಬೇಕಂತೆ. “ಒಳಗೇನಿತ್ತೋ ಯಾರಿಗೆ ಗೊತ್ತು. ನಾ ಬಜಿ ತಿನ್ನಾಕತ್ತಿದ್ನಿ.”

ಊರಿಗೆ ಬಂದವನು ಮನೆಗೆ ಹೋಗದೆ ಹಿನ್ನೀರಿನ ಕಡೆ ನಡೆದೆ. ಅಣೆಕಟ್ಟು ಬಂದ ಮೇಲೆ ಹಳೆಯ ಬಾಗಲಕೋಟೆಯ ನಮ್ಮ ಓಣಿ ನೀರಿನ ಕೆಳಗಿದೆ. ಕಾರು ಮೊದಲು ನಿಲ್ಲುತ್ತಿದ್ದದ್ದು ಅಲ್ಲಿ, ನಮ್ಮ ಮನೆಯ ಪಕ್ಕ ಹಾಸಿದ್ದ ಪರಸಿ ಕಲ್ಲಿನ ಮೇಲೆ. ತಳದಿಂದ ಹನಿ ಹನಿ ಸೋರಿ ಕಲ್ಲಿಗೆ ಒಂದು ಕಲೆ ಬಿದ್ದಿತ್ತು. ಬೇಸಿಗೆಯಲ್ಲಿ ನೀರು ಸರಿದು ಅಡಿಪಾಯಗಳು ತಲೆ ಎತ್ತುತ್ತವೆ. ಎಂಜಿನ್ ಆಯಿಲಿನ ಕಲೆ ಕಪ್ಪಗಿರುತ್ತದೆ, ಕುಸುಬೆಯ ಕಲೆ ಹಳದಿ ತಿರುಗಿರುತ್ತದೆ ಎಂದು ಲೆಕ್ಕ ಹಾಕಿಕೊಂಡು, ಪ್ಯಾಂಟು ಮಡಿಚಿ, ಒಣಗಿ ಬಿರಿದ ರಾಡಿಯ ಮೇಲೆ ಮನೆ ಹುಡುಕಿದೆ. ಸಂಜೆಯ ಬಿಸಿಲಿನಲ್ಲಿ ಎಲ್ಲ ಅಡಿಪಾಯಗಳೂ ಒಂದೇ ತರ ಇದ್ದವು. ಒಂದು ಕಲ್ಲಿನ ಮೇಲೆ ನಿಂತೆ, ಇದೇ ಅನ್ನಿಸಿತು. ಮುಂದಿನ ಕಲ್ಲಿನ ಮೇಲೆ ನಿಂತಾಗಲೂ ಇದೇ ಅನ್ನಿಸಿತು. ಕಣ್ಣು ಮುಚ್ಚಿದರೆ ನೀರು ಮತ್ತೆ ಏರುತ್ತಿತ್ತು, ಅದರ ತಳದಲ್ಲಿ ಬೂದಿ ಬಣ್ಣದ ಕಾರು ಬಾಗಿಲು ತೆರೆದುಕೊಂಡು ನಿಂತಿತ್ತು, ಒಳಗೆ ಯಾರೂ ಇರಲಿಲ್ಲ. ಕಣ್ಣು ತೆರೆದರೆ ಮೀನಿನ ವಾಸನೆ.

ಇಳಕಲ್ಲಿಗೆ ಮರಳಿ ಹೋಗಿ ನಡೆದದ್ದನ್ನು ವಿರೂಪಾಕ್ಷಪ್ಪನವರಿಗೆ ಹೇಳಿದೆ. ಅವರು ಎಂಜಿನ್ನಿನ ಮೇಲಿನ ಮುಚ್ಚಳ ಬಿಚ್ಚಿದರು. ಒಳಗೆ ಜೇನಿನ ಬಣ್ಣದ ತೆಳ್ಳನೆಯ ಪೊರೆ. ಕುಸುಬೆಯೇ, ಎಂದುಕೊಂಡೆ. ಅವರು ಉಗುರಿನಿಂದ ಕೆರೆದರು, ಕೆರೆದದ್ದನ್ನು ಹೆಬ್ಬೆರಳು ತೋರುಬೆರಳಿನ ನಡುವೆ ತಿಕ್ಕಿದರು, ಗಂಜಿ ಹಾಕಿದ ನೂಲನ್ನು ನೇಕಾರ ತಿಕ್ಕಿ ನೋಡುವಂತೆ.

“ಕುಸುಬಿನೂ ಇರಬೌದು. ಬರೇ ಎಂಜಿನ್ ಆಯಿಲ್ ಸೈತ ಇಷ್ಟ ವರ್ಷಕ್ಕ ಹಿಂಗ ಆಕ್ಕೈತಿ.”

“ಹಂಗಾರ ಏನ ಮಾಡೂದು?”

“ಯಾರ ನೆನಪು ಖರೆ ಅಂತ ನೋಡಕೋತ ಕುಂತ್ರ ಗಾಡಿ ಹೊಂಡೂದಿಲ್ಲ ಸರ್. ಎರಡೂ ಮಾತಿಗೆ ಹೊಂದೂ ಎಣ್ಣಿ ಹಾಕೂಣು. ಒಂದ ಅಂಕಿ ಇರೂ ಹಳೇ ಮಂದನ್ ಎಣ್ಣಿ, ಅದು ತೊಳಿಯೂದಿಲ್ಲ. ಸಾವಕಾಶ ನೂರ ಕಿಲೋಮೀಟರ್ ಓಡಸ್ರಿ, ಇಳಿಸಿ ನೋಡೂಣು. ಮತ್ತ ಹಾಕೂಣು, ಮತ್ತ ನೋಡೂಣು. ಒಮ್ಮಿಗೇ ತೊಳಿಯಾಕ ಹೋಗಬಾರದು.”

ಅವರು ಎಣ್ಣೆ ಸುರಿಯುತ್ತಿದ್ದಾಗ ನಾನು ತೆರೆದ ಬಾಗಿಲಿನಿಂದ ಮಗ್ಗ ನೋಡುತ್ತ ನಿಂತೆ. ಇಳಕಲ್ ಸೀರೆಯ ಒಡಲಿನ ಉದ್ದೆಳೆಗಳ ಹಾಸೇ ಬೇರೆ, ಸೆರಗಿನ ಹಾಸೇ ಬೇರೆ. ಎರಡರ ಎಳೆ ಎಳೆಗೂ ಕೊಂಡಿ ಹಾಕಿ ಸೇರಿಸುತ್ತಾರೆ. ಆಕೆ ಅದನ್ನೇ ಮಾಡುತ್ತಿದ್ದರು. ಕೊಂಡಿ ಬಿದ್ದದ್ದು ಎಲ್ಲಿ ಎಂದು ಕೇಳಿದೆ. “ನೇದ ಮ್ಯಾಲ ನನಗೂ ಕಾಣೂದಿಲ್ರಿ,” ಎಂದರು. ಹುನಗುಂದದ ಒಡಲಿಗೆ ಕುಳಗೇರಿಯ ಸೆರಗು ಕೂಡಿಸಿದವರು ಅಪ್ಪನೋ, ಜ್ವರದಲ್ಲಿದ್ದ ನಾನೋ?

ಕಾರು ನಾಲ್ಕನೆಯ ಸಲಕ್ಕೆ ಚಾಲೂ ಆಯಿತು. ವಿರೂಪಾಕ್ಷಪ್ಪ ಬಾಜುವಿನಲ್ಲಿ ಕುಳಿತರು. ಹುನಗುಂದ ದಾಟಿ, ಅಮೀನಗಡದ ಕಡೆ, ಎರಡೂ ಬದಿಗೆ ಎರೆಹೊಲಗಳು ಬಿಸಿಲಿಗೆ ಬಾಯಿಬಿಟ್ಟುಕೊಂಡು ಮಲಗಿದ್ದವು. ಕಾರು ನನ್ನ ಮಧ್ಯಾಹ್ನದ ಕನಸಿನಷ್ಟೇ ನಿಧಾನವಾಗಿ ಹೋಗುತ್ತಿತ್ತು. ಒಮ್ಮೆಲೇ ವಾಸನೆ ಬಂತು. ಕಾದ ಎಣ್ಣೆ, ಕಡಲೆ ಹಿಟ್ಟು, ಮೆಣಸಿನಕಾಯಿ.

“ಬಂತಲ್ರಿ ವಾಸನಿ?” ಎಂದೆ.

“ಹೋಟೆಲ್ಲಿಂದ್ರಿ.”

ಎಡಕ್ಕೆ ನೋಡಿದೆ, ಬಲಕ್ಕೆ ನೋಡಿದೆ. ಹೋಟೆಲ್ ಕಾಣಲಿಲ್ಲ. ಅಷ್ಟರಲ್ಲಿ ವಾಸನೆಯೂ ಇರಲಿಲ್ಲ.

ನೂರು ಕಿಲೋಮೀಟರ್ ಆದ ಮೇಲೆ ಎಣ್ಣೆ ಇಳಿಸಿದೆವು. ಕಪ್ಪಗಿತ್ತು. ತಳದಲ್ಲಿ ಕಂದು ಬಣ್ಣದ ಸಣ್ಣ ಚೂರುಗಳು ಕುಳಿತಿದ್ದವು. ವಿರೂಪಾಕ್ಷಪ್ಪ ಬೆರಳಿನಲ್ಲಿ ತಿಕ್ಕಿ, “ಏನೋ ಬರಾಕತ್ತೈತಿ, ಬರ್ಲಿ,” ಎಂದು ಅದೇ ಎಣ್ಣೆಯನ್ನು ಹೊಸದಾಗಿ ತುಂಬಿದರು. ಕಾರು ಈಗಲೂ ಓಡುತ್ತಿದೆ, ನಿಂತ ಕಡೆಯೆಲ್ಲ ಒಂದೊಂದು ಹನಿ ಬಿಡುತ್ತದೆ. ಅಪ್ಪ ಆ ದಿನ ಎಂಜಿನ್ನಿಗೆ ಏನು ಸುರಿದರು ಎಂಬುದು ನನಗೆ ಗೊತ್ತಿಲ್ಲ. ಹಾಸಿಗೆಯ ಹತ್ತಿರ ಕುಳಿತು ನನಗೆ ಏನು ಹೇಳಿದರು ಎಂಬುದೂ ಗೊತ್ತಿಲ್ಲ. ನನಗಾಗಿ ಪೇಪರಿನಲ್ಲಿ ಕಟ್ಟಿಸಿ ತಂದಿದ್ದ ಆ ಎರಡು ಬಜಿಗಳನ್ನು ತಿಂದೆನೋ ಇಲ್ಲವೋ, ಅದೂ ಗೊತ್ತಿಲ್ಲ.