ಹುಳದ ಮನೆಯ ಅಕ್ಕನ ಒಳಲೆ

ಕೂಸಿಗೆ ಇನ್ನು ನಳಿಕೆ ಬೇಡ, ಒಳಲೆಯಲ್ಲಿ ಹಾಲು ಕುಡಿಸಿ ನೋಡೋಣ, ಮನೆಯಲ್ಲಿದ್ದರೆ ತನ್ನಿ ಎಂದು ನರ್ಸ್ ಹುಡುಗಿ ಹೇಳಿದಳು. ಮೊಮ್ಮಗಳಿಗೆ ಎಂಟು ತಿಂಗಳು ತುಂಬುವ ಮೊದಲೇ ಹೆರಿಗೆಯಾಗಿ, ಮರಿಮಗಳು ಗಾಜಿನ ಪೆಟ್ಟಿಗೆಯಲ್ಲಿ ಮಲಗಿ ಎರಡು ವಾರವಾಗಿತ್ತು. ನಾನು ಮನೆಗೆ ಬಂದು ಟ್ರಂಕಿನ ತಳಕ್ಕೆ ಕೈಹಾಕಿದೆ. ಸೀರೆಯ ಚೂರಿನಲ್ಲಿ ಸುತ್ತಿದ್ದ ಬೆಳ್ಳಿಯ ಒಳಲೆ ಕರ್ರಗಾಗಿತ್ತು. ಹುಣಸೆಹಣ್ಣು ಹಚ್ಚಿ ಉಜ್ಜುತ್ತಾ ಕೂತೆ. ಅದು ನನ್ನ ತವರಿನದಲ್ಲ, ಅತ್ತೆಮನೆಯದೂ ಅಲ್ಲ…

ಅರವತ್ತರ ದಶಕದ ಮೊದಲ ವರ್ಷಗಳು. ನಮ್ಮೆಜಮಾನರು ಜಂಗಮಕೋಟೆಯಲ್ಲಿ ಮೇಷ್ಟ್ರು. ನಮ್ಮ ಎದುರು ಮನೆಯವಳನ್ನು ಊರೆಲ್ಲ ಹುಳದ ಮನೆಯ ಅಕ್ಕ ಎನ್ನುತ್ತಿತ್ತು. ರೇಷ್ಮೆ ಹುಳು ಎಷ್ಟೋ ಮನೆಗಳಲ್ಲಿತ್ತು, ಆದರೆ ಮೊಟ್ಟೆಯಿಂದ ಆಗತಾನೆ ಎದ್ದ ಎಳೆ ಹುಳು ಸಾಕುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಚಿಂತಾಮಣಿ ಕಡೆಯವಳು, ಕೋಪ ಬಂದರೂ ಮುದ್ದು ಬಂದರೂ ತೆಲುಗು. ಮಕ್ಕಳಿರಲಿಲ್ಲ. ಮದುವೆಯಲ್ಲಿ ತಾಯಿ ಕೊಟ್ಟ ಒಳಲೆಯನ್ನು ಪ್ರತಿ ಯುಗಾದಿಗೆ ಬೆಳಗಿ ಮತ್ತೆ ಗೋಡೆಯ ಗೂಡಿನಲ್ಲಿಡುತ್ತಿದ್ದಳು.

ನನ್ನ ಮೊದಲ ಹೆಣ್ಣುಮಗು ಏಳೂವರೆ ತಿಂಗಳಿಗೇ ಹುಟ್ಟಿತು. ನನಗಾಗ ಹದಿನೆಂಟು. ಶಿಡ್ಲಘಟ್ಟದ ಡಾಕ್ಟರು ನೋಡಿ, ಇಂಥ ಕೂಸುಗಳನ್ನಿಡುವ ಪೆಟ್ಟಿಗೆ ಬೆಂಗಳೂರಿನಲ್ಲಿದೆ, ಆದರೆ ಈ ಚಳಿಯಲ್ಲಿ ಅಷ್ಟು ದೂರ ತಡೆಯುವ ಜೀವವಲ್ಲ ಎಂದರು. ಬೆಚ್ಚಗಿಡಿ, ಎರಡೆರಡು ಗಂಟೆಗೆ ತಾಯಿಯ ಹಾಲು ಹಿಂಡಿ ತೊಟ್ಟು ತೊಟ್ಟಾಗಿ ಹಾಕಿ, ಹಾಲು ಕುಡಿಯುವುದನ್ನು ಬಿಟ್ಟರೆ ಮಾತ್ರ ತಕ್ಷಣ ಇಲ್ಲಿಗೆ ತನ್ನಿ ಎಂದು ಹೇಳಿ ಕಳಿಸಿದರು.

ಅಕ್ಕ ಕೇಳಲೂ ಇಲ್ಲ. ಬೆಳೆ ಮುಗಿದು ತೊಳೆದಿಟ್ಟಿದ್ದ ಹುಳದ ಕೋಣೆಗೆ ನನ್ನನ್ನೂ ಮಗುವನ್ನೂ ಕರೆದುಕೊಂಡಳು. ಮೂಲೆಯಲ್ಲಿ ಕೆಂಡದ ಬಾಂಡಲಿ, ಕಿಟಕಿಗೆ ಒದ್ದೆ ಗೋಣಿ. ಬಿದಿರಿನ ತಟ್ಟೆಗೆ ಹತ್ತಿ ಹಾಸಿ ಅದರಲ್ಲಿ ಮಗು. ಶಾಖ ಸಾಲದೆಂಬುದು ಅವಳ ಕೆನ್ನೆಗೆ ಗೊತ್ತಾಗುತ್ತಿತ್ತು. ಮೊದಲು ಬತ್ತಿಯಲ್ಲಿ ಹಾಲು, ಆಮೇಲೆ ಅವಳ ಒಳಲೆಯಲ್ಲಿ. ರೇಷ್ಮೆಗೂಡು ತೂಗುವ ತಕ್ಕಡಿಯಲ್ಲಿ ಮಗುವನ್ನಿಟ್ಟು, ಇನ್ನೊಂದು ಕಡೆ ಗುಂಡುಕಲ್ಲು. ಮಗುವನ್ನು ಅವಳು ಕರೆಯುತ್ತಿದ್ದುದು ಅಮ್ಮಣ್ಣಿ ಎಂದು. ಅಮ್ಮಣ್ಣಿ ದಪ್ಪಗಾದ ಹಾಗೆ ಕಲ್ಲಿನ ಪಕ್ಕ ಹುಣಸೆಬೀಜ ಸೇರಿಸುವಳು. ಒಂದು ಹಿಡಿ ಬೀಜ ಹೆಚ್ಚಿದ ದಿನ ನಮಗೆ ಹಬ್ಬ.

ರೇಷ್ಮೆ ಹುಳು ಪೊರೆ ಬಿಡುವ ಮೊದಲು ಸೊಪ್ಪು ಬಿಟ್ಟು, ತಲೆ ಎತ್ತಿ, ಅಲ್ಲಾಡದೆ ನಿಲ್ಲುತ್ತದೆ. ಅದಕ್ಕೆ ನಮ್ಮ ಕಡೆ ಜ್ವರಕ್ಕೆ ಕೂರುವುದು ಎನ್ನುತ್ತಾರೆ. ಕಾಯಿಲೆಯಲ್ಲ ಅದು, ಬೆಳೆಯುವ ಲಕ್ಷಣ. ಆಗ ಮುಟ್ಟಬಾರದು, ಸೊಪ್ಪು ಹಾಕಬಾರದು, ತಾನಾಗಿ ಏಳುವವರೆಗೆ ಕಾಯಬೇಕು. ಹತ್ತನೇ ದಿನವೋ ಏನೋ, ಮಗು ಒಂದು ಹೊತ್ತು ಹಾಲು ಮುಟ್ಟದೆ ಮಲಗಿತು. ಅಮ್ಮಣ್ಣಿ ಮೊದಲ ಜ್ವರಕ್ಕೆ ಕೂತಳು ಎಂದು ಅಕ್ಕ ತಮಾಷೆ ಮಾಡಿದಳು. ನಾನು ಅಳುವುದರಲ್ಲಿದ್ದವಳು ನಕ್ಕುಬಿಟ್ಟೆ. ಸ್ವಲ್ಪ ಹೊತ್ತಿಗೆ ಮಗು ಎದ್ದು ಎರಡು ಒಳಲೆ ಹಾಲು ಕುಡಿಯಿತು. ಅಂದಿನಿಂದ ಆ ಮಾತು ನಮ್ಮಿಬ್ಬರಿಗೂ ಧೈರ್ಯವಾಯಿತು. ಆ ಧೈರ್ಯವೇ ನಮ್ಮನ್ನು ಕೆಡಿಸಿತು.

ಹತ್ತೊಂಬತ್ತನೇ ದಿನ ಬೆಳಗ್ಗೆಯಿಂದ ಮಗು ಹಾಲು ಬಿಟ್ಟಿತು. ಮೊದಲ ಸಲ ಬೆಚ್ಚಗಿದ್ದ ಅಂಗಾಲು ಈ ಸಲ ತಣ್ಣಗಿತ್ತು. ಮಧ್ಯಾಹ್ನದ ಬಸ್ಸಿಗೆ ಶಿಡ್ಲಘಟ್ಟಕ್ಕೆ ಹೋಗಣವಾ ಅಕ್ಕ, ಎಂದೆ. ಅವಳು ಬಗ್ಗಿ ಬಹಳ ಹೊತ್ತು ನೋಡಿದಳು.

"ಎರಡನೇ ಜ್ವರ ಕಣಮ್ಮ. ಈಗ ಅಲ್ಲಾಡಿಸಿದ್ರೆ ಕೆಟ್ಟೋಗ್ತದೆ. ಬಿಡು, ತಾನೇ ಏಳ್ತಾಳೆ."

ನಾನು ಹೂಂ ಎಂದೆ. ಡಾಕ್ಟರು ಹೇಳಿದ್ದು ನನಗೆ ಚೆನ್ನಾಗಿ ನೆನಪಿತ್ತು. ಆದರೂ ಹೂಂ ಎಂದೆ, ಏಕೆಂದರೆ ನಂಬುವುದು ಸುಲಭವಾಗಿತ್ತು. ಬಸ್ಸು ಹಾರ್ನ್ ಹೊಡೆದುಕೊಂಡು ಹೋದದ್ದು ಒಳಗೆ ಕೂತೇ ಕೇಳಿಸಿತು. ಬಿಸಿಲು ಇಳಿಯುವ ಮುಂಚೆ ಮಗುವಿನ ಉಸಿರು ನಿಂತಿತ್ತು. ಅಕ್ಕ ಅಂಗಾಲು ಉಜ್ಜಿದಳು, ಎದೆಗೊತ್ತಿಕೊಂಡಳು. ಲೇ ತಲ್ಲಿ, ಲೇ ತಲ್ಲಿ ಎಂದು ತೆಲುಗಿನಲ್ಲಿ ಏಳಿಸುತ್ತಲೇ ಇದ್ದಳು. ಅವಳ ಕೈಯಿಂದ ಮಗುವನ್ನು ಬಿಡಿಸಿಕೊಳ್ಳುವುದೇ ಕಷ್ಟವಾಯಿತು.

"ನಾನು ಹುಳ ಸಾಕಿದೋಳು ಕಣಮ್ಮ," ಎಂದಳು ಕೊನೆಗೆ. "ಮಗು ಸಾಕಿದೋಳಲ್ಲ."

ಊರಿನ ಬಾಯಿ ಸುಮ್ಮನಿರಲಿಲ್ಲ. ಬಂಜೆಯ ಕೈಗೆ ಕೂಸು ಕೊಟ್ಟರೆ ಇನ್ನೇನಾಗುತ್ತೆ ಎಂದು ನನ್ನೆದುರಿಗೇ ಆಡಿದರು. ನಾನೂ ಹೂಂ ಎಂದಿದ್ದೆ ಎಂದು ಒಂದು ಮಾತು ಹೇಳಿದ್ದರೆ ಆ ಭಾರ ಅರ್ಧವಾಗುತ್ತಿತ್ತು. ಹೇಳಲಿಲ್ಲ. ಅವಳ ಹಿಂದೆ ಅಡಗಿಕೊಂಡೆ. ಮುಂದಿನ ಬೆಳೆಯಲ್ಲಿ ಅಕ್ಕ ಆಳುಗಳಿಗೆ ಹುಳು ಮಲಗಿವೆ, ಬಾಗಿಲು ಹಾಕಿ ಎನ್ನುವುದು ಬೀದಿಗೆ ಕೇಳುತ್ತಿತ್ತು. ಜ್ವರ ಎಂಬ ಮಾತನ್ನು ಅವಳು ಬಿಟ್ಟಿದ್ದಳು.

ವರ್ಷದೊಳಗೆ ಗೌರಿಬಿದನೂರಿಗೆ ವರ್ಗವಾಯಿತು. ಹೊರಟ ದಿನ ಅಕ್ಕ ಬಸ್ಸಿನ ಹತ್ತಿರ ಬಂದು ನಿಂತಳು. ನಾನು ಗಂಟುಗಳನ್ನು ಎಣಿಸುವವಳಂತೆ ಮುಖ ತಿರುಗಿಸಿದೆ. ಮುಂದೆ ಅಲ್ಲಿ ನನಗೆ ಮಗ ಹುಟ್ಟಿದಾಗ ಜಂಗಮಕೋಟೆಯಿಂದ ಬಂದವರೊಬ್ಬರು ಬಟ್ಟೆಯ ಗಂಟೊಂದನ್ನು ಕೊಟ್ಟರು. ಒಳಗೆ ಈ ಒಳಲೆ. ಜೊತೆಗೆ ಅವಳು ಹೇಳಿಕಳಿಸಿದ ಮಾತು: "ಪಾಪುಗೆ ಇದ್ರಲ್ಲಿ ಕುಡ್ಸು. ನನ್ನ ಕೈ ಸೋಕಿದ್ದು ಉಳೀದಂಗೆ ಕುದಿಸಿ ಕಳಿಸಿದೀನಿ."

ನಾನು ಅದನ್ನು ಟ್ರಂಕಿಗೆ ಹಾಕಿದೆ. ಮಗನಿಗೆ ಬೇರೆ ಒಳಲೆ ಕೊಂಡೆವು.

ಮೊನ್ನೆ ಆಸ್ಪತ್ರೆಯಲ್ಲಿ ಗಾಜಿನ ಪೆಟ್ಟಿಗೆಯ ಪಕ್ಕದ ಯಂತ್ರ ಕೂಗಿಕೊಂಡಿತು. ನರ್ಸ್ ಹುಡುಗಿ ಓಡಿಬಂದು ಮರಿಮಗಳ ಅಂಗಾಲಿಗೆ ಬೆರಳಲ್ಲಿ ಪಟ್ಟನೆ ಹೊಡೆದಳು. ಕೂಸು ಉಸಿರೆಳೆದುಕೊಂಡಿತು. ತಿಂಗಳು ತುಂಬದ ಮಕ್ಕಳು ಒಮ್ಮೊಮ್ಮೆ ಉಸಿರಾಡೋದನ್ನೇ ಮರೀತಾವೆ ಅಜ್ಜಿ, ನಾವು ನೆನಪು ಮಾಡಬೇಕು, ಅಷ್ಟೆ ಎಂದಳು. ಅಷ್ಟೆ… ಅಂದು ನನಗೂ ಅಕ್ಕನಿಗೂ ಅದು ಗೊತ್ತಿರಲಿಲ್ಲ. ಅಕ್ಕ ತೀರಿಕೊಂಡ ಸುದ್ದಿ ಬಂದೇ ಎಷ್ಟೋ ವರ್ಷವಾಯಿತು. ನನಗೆ ನಿನ್ನ ಮೇಲೆ ಸಿಟ್ಟಿಲ್ಲ ಎಂದು ಹೇಳುವುದಕ್ಕೆ ನಲವತ್ತು ವರ್ಷ ಬಸ್ಸುಗಳು ಓಡಾಡುತ್ತಿದ್ದವು, ನಾನು ಹತ್ತಲಿಲ್ಲ.

ಇವತ್ತು ಒಳಲೆ ಹಿಡಿದು ಆಸ್ಪತ್ರೆಗೆ ಹೋದಾಗ ಮರಿಮಗಳ ತೂಕ ಇಪ್ಪತ್ತು ಗ್ರಾಂ ಹೆಚ್ಚಿತ್ತು. ಒಂದು ಹಿಡಿ ಹುಣಸೆಬೀಜ ಎಂದುಕೊಂಡೆ. ನರ್ಸ್ ಹುಡುಗಿ ಒಳಲೆಯನ್ನು ತಿರುಗಿಸಿ ನೋಡಿ, ಕುದಿಸಿ ತಂದಿದೀರಾ ಅಜ್ಜಿ ಎಂದು ಕೇಳಿದಳು.

"ಅಕ್ಕ ಕುದಿಸೇ ಕಳಿಸಿದ್ಲು ಕಣಮ್ಮ," ಎಂದೆ.

ಅವಳಿಗೆ ಅರ್ಥವಾಗಲಿಲ್ಲ. ಇನ್ನೊಮ್ಮೆ ಕುದಿಸುತ್ತೇನೆಂದು ಒಳಗೆ ತೆಗೆದುಕೊಂಡು ಹೋದಳು.